ತರಂಗಂಬಾಡಿ: ಹಳೆಯ ಊರೊಂದು ಉಳಿದುಬಂದ ಬಗೆ



ತಮಿಳಿನ ಸಿಲಪ್ಪದಿಕಾರವನ್ನು ಮೂಲದಲ್ಲಿಯೋ ಅನುವಾದದಲ್ಲಿಯೋ ಓದಿದವರಿಗೆ ಪುಹಾರ್ ಪಟ್ಟಣದ ಪರಿಚಯವಿದ್ದೇ ಇರುತ್ತದೆ. ಕಾವೇರಿ ಕಡಲನ್ನು ಸೇರುವ ಎಡೆಯಲ್ಲಿ ವೈಭವದಿಂದ ಮೆರೆದ ಆ ರೇವುಪಟ್ಟಣವನ್ನು ಕಡಲೇ ನುಂಗಿತೆಂಬುದು ತಮಿಳರ ಹಳೆಯ ನಂಬಿಕೆ. ಅಲ್ಲಿಂದ ಕರಾವಳಿಯನ್ನೇ ಹಿಡಿದು ತೆಂಕಣಕ್ಕೆ, ಕಾರೈಕಾಲಿನ ದಾರಿಯಲ್ಲಿ ಬಂದರೆ ತರಂಗಂಬಾಡಿ ಎಂಬ ಚಿಕ್ಕ ಊರು ಸಿಕ್ಕುತ್ತದೆ. ಇಂದು ಅದು ಮಯಿಲಾಡುತುರೈ ಜಿಲ್ಲೆಗೆ ಸೇರಿದೆ. ಅಲೆಗಳು ಹಾಡುವ ಊರು ಎಂದು ಅದರ ಹೆಸರಿಗೆ ಅರ್ಥ ಹೇಳುವ ವಾಡಿಕೆಯುಂಟು. ಐರೋಪ್ಯರ ನಾಲಗೆಯಲ್ಲಿ ಅದು ಟ್ರಾಂಕಬಾರ್ ಆಯಿತು. 1620ರಿಂದ 1845ರವರೆಗೆ, ನಡುವೆ ಆಂಗ್ಲರ ಕೈಗೆ ಹೋದ ಕೆಲವು ವರ್ಷಗಳನ್ನು ಬಿಟ್ಟರೆ, ಅದು ಡೆನ್ಮಾರ್ಕಿನವರ ಸ್ವಾಧೀನದಲ್ಲಿದ್ದಿತು. ಆ ಕಾಲದ ಕೋಟೆ, ಬೀದಿ, ಮನೆಗಳು ಬಹುಮಟ್ಟಿಗೆ ಹಳೆಯ ನಕ್ಷೆಯಲ್ಲಿದ್ದ ಹಾಗೆಯೇ ಇಂದಿಗೂ ಉಳಿದಿವೆ. ಅವು ಹೇಗೆ ಉಳಿದವು, ಉಳಿದುದರಲ್ಲಿ ನಿಜವಾಗಿ ಹಳೆಯದು ಯಾವುದು ಎಂಬ ವಿಚಾರವನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದು ನನ್ನ ಉದ್ದೇಶ.

ಆ ಊರಿಗೆ ನಾನು ಎರಡು ಸಲ ಹೋಗಿದ್ದೇನೆ. 2004ರ ಸುನಾಮಿಗೆ ಮುಂಚೆ ಒಮ್ಮೆ, ಅನಂತರ ಒಮ್ಮೆ. ಊರನ್ನು ಹೊಗಬೇಕಾದರೆ ಪಡುವಣ ದಿಕ್ಕಿನ ಹೆಬ್ಬಾಗಿಲನ್ನು ದಾಟಬೇಕು. ಸುಣ್ಣ ಬಳಿದ, ನೆತ್ತಿಯ ಮೇಲೆ ಡೆನ್ಮಾರ್ಕಿನ ರಾಜಮುದ್ರೆಯನ್ನು ಹೊತ್ತ ಈ ಬಾಗಿಲನ್ನು 1792ರಲ್ಲಿ ಮತ್ತೆ ಕಟ್ಟಿದರು. ಅದನ್ನು ದಾಟಿದೊಡನೆ ರಾಜಬೀದಿ ನೇರವಾಗಿ ಮೂಡಣಕ್ಕೆ, ಕಡಲಿನ ಕಡೆಗೆ ಸಾಗುತ್ತದೆ. ಒಂದು ಮಗ್ಗುಲಲ್ಲಿ 1701ರ ಸೀಯೋನ್ ದೇವಾಲಯ, ಇನ್ನೊಂದು ಮಗ್ಗುಲಲ್ಲಿ 1718ರ ನವ ಜೆರೂಸಲೇಂ ದೇವಾಲಯ. ಎಡೆಯೆಡೆಯಲ್ಲಿ ದಪ್ಪ ಗೋಡೆ, ಎತ್ತರದ ಕಂಬಗಳ ಮನೆಗಳು. ಬೀದಿಯ ಕೊನೆಗೆ ವಿಶಾಲವಾದ ಬಯಲು, ಬಯಲಿನ ಆಚೆ ಡಾನ್ಸ್‌ಬೋರ್ಗ್ ಎಂಬ ಕೋಟೆ, ಕೋಟೆಯ ಆಚೆ ಬಂಗಾಳ ಉಪಸಾಗರ. ಅಕ್ಕಪಕ್ಕದಲ್ಲಿ ರಾಣಿಬೀದಿ, ಅಕ್ಕಸಾಲಿಗರ ಬೀದಿ, ಮಸೀದಿಯ ಬೀದಿ. ಅಕ್ಕಸಾಲಿಗರ ಬೀದಿಗೆ ತಿರುಗಿದರೆ ಐರೋಪ್ಯ ಛಾಯೆ ಮಾಯವಾಗಿ, ಮರದ ಕಂಬದ ಜಗಲಿಗಳೂ ಹೆಂಚಿನ ಮಾಡುಗಳೂ ಇರುವ ತಮಿಳು ಮನೆಗಳ ಸಾಲು ಕಾಣುತ್ತದೆ. ಇಷ್ಟೆಲ್ಲವನ್ನೂ ನಿಧಾನವಾಗಿ ನಡೆದು ನೋಡುವುದಕ್ಕೆ ಒಂದು ಬೆಳಗ್ಗೆ ಸಾಕು.

ನೋಡಬಂದವರು ಈ ಆವರಣವನ್ನೇ ಮೂಲ ಊರು ಎನ್ನುತ್ತಾರೆ. ಕೋಟೆಯ ಬಳಿ ನಿಂತು ಎಡಕ್ಕೆ ನೋಡಿದರೆ, ಅಲೆಗಳ ಅಂಚಿನಲ್ಲಿ, ಇದಕ್ಕಿಂತ ಮೂರು ಶತಮಾನ ಹಳೆಯದಾದ ಮಾಸಿಲಾಮಣಿನಾಥರ ಗುಡಿ ಕಾಣಿಸುತ್ತದೆ. 1306ರ ಸುಮಾರಿಗೆ, ಪಾಂಡ್ಯರ ಮಾರವರ್ಮ ಕುಲಶೇಖರನ ಆಳ್ವಿಕೆಯಲ್ಲಿ ಕಟ್ಟಿದುದು. ಅಲ್ಲಿಯ ಶಾಸನದಲ್ಲಿ ಊರಿಗೆ ಸಡಂಗನ್‌ಪಾಡಿ ಎಂದೂ ಕುಲಶೇಖರನ್‌ಪಟ್ಟಿನಂ ಎಂದೂ ಹೆಸರುಗಳಿವೆ. ಪಟ್ಟಿನಂ ಎಂದರೆ ಕಡಲತಡಿಯ ವ್ಯಾಪಾರದ ಊರು. ಎಂದಮೇಲೆ ಡೇನರು ಹೇಳಹೆಸರಿಲ್ಲದ ಮಳಲದಿಬ್ಬಕ್ಕೆ ಬಂದು ಊರು ಕಟ್ಟಿದರೆಂದು ತಿಳಿಯಬಾರದು. ದೇವಾಲಯವೂ ವರ್ತಕರೂ ಮೀನುಗಾರರೂ ಇದ್ದ ಒಂದು ರೇವಿಗೆ ಅವರು ಬಂದರು.

ಅವರು ಬಂದ ಕಥೆ ಸ್ವಾರಸ್ಯವಾದುದು. ಡೆನ್ಮಾರ್ಕಿನ ದೊರೆ 4ನೆಯ ಕ್ರಿಶ್ಚಿಯನ್ 1616ರಲ್ಲಿ ತನ್ನ ದೇಶದ ಈಸ್ಟ್ ಇಂಡಿಯಾ ಕಂಪೆನಿಗೆ ಸನ್ನದು ಕೊಟ್ಟನು. 1618ರಲ್ಲಿ ಓವೆ ಗೆಡ್ಡೆ ಎಂಬ ಯುವಕನ ನಾಯಕತ್ವದಲ್ಲಿ ಹಡಗುಗಳು ಹೊರಟವು. ಅವು ಮೊದಲು ಅರಸಿ ಹೋದದ್ದು ಸಿಂಹಳವನ್ನು. ಅಲ್ಲಿ ಕೆಲಸ ಕೈಗೂಡಲಿಲ್ಲ. ಇವರಿಗಿಂತ ಮುಂದಾಗಿ ಹೊರಟಿದ್ದ ರೋಲಾಂಡ್ ಕ್ರಾಪೆ ಎಂಬ ಡಚ್ ವರ್ತಕನ ಹಡಗನ್ನು ಪೋರ್ಚುಗೀಸರು ಕಾರೈಕಾಲಿನ ಬಳಿ ಹಾಳುಮಾಡಿದರು. ಬದುಕಿ ಉಳಿದ ಕ್ರಾಪೆ ತಂಜಾವೂರಿನ ಆಸ್ಥಾನವನ್ನು ಸೇರಿದನು. ಅಲ್ಲಿ ಆಗ ಆಳುತ್ತಿದ್ದವನು ರಘುನಾಥ ನಾಯಕ. ಪೋರ್ಚುಗೀಸರನ್ನೇ ಪೂರ್ತಿ ನೆಚ್ಚಿಕೊಂಡಿರುವುದು ಅವನಿಗೂ ಬೇಕಾಗಿರಲಿಲ್ಲ. ಹೀಗೆ ಒಡೆದ ಹಡಗಿನಿಂದ ಹುಟ್ಟಿದ ಪರಿಚಯ 1620ರ ನವೆಂಬರಿನಲ್ಲಿ ಒಪ್ಪಂದವಾಗಿ ಕೊನೆಗೊಂಡಿತು. ವರ್ಷಕ್ಕಿಷ್ಟು ಕಾಣಿಕೆಯ ಮೇಲೆ ತರಂಗಂಬಾಡಿಯಲ್ಲಿ ಕೋಟೆ ಕಟ್ಟಲು ಡೇನರಿಗೆ ಅನುಮತಿ ದೊರೆಯಿತು.

ರಘುನಾಥ ನಾಯಕನು ಡೆನ್ಮಾರ್ಕಿನ ದೊರೆಗೆ ಬಂಗಾರದ ತಗಡಿನ ಮೇಲೆ ಬರೆಸಿ ಕಳುಹಿಸಿದ ಪತ್ರ ಇಂದಿಗೂ ಕೋಪನ್‌ಹೇಗನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿದೆ. ಪತ್ರದ ಭಾಷೆ ತಮಿಳು, ದೊರೆಯ ಸಹಿ ತೆಲುಗು. ಅಂದಿನ ತಂಜಾವೂರಿನ ಬಹುಭಾಷೆಯ ಬಾಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ. ನಾಯಕರು ವಿಜಯನಗರದ ಅಧೀನರಾಗಿ ಬಂದವರು. ರಘುನಾಥನು ಸ್ವತಃ ತೆಲುಗು ಕವಿ, ಸಂಗೀತಜ್ಞ. ಅವನ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನು ಕನ್ನಡಿಗ. ಎಪ್ಪತ್ತೆರಡು ಮೇಳಗಳನ್ನು ವಿವರಿಸಿ ನಮ್ಮ ಸಂಗೀತಕ್ಕೆ ಅಡಿಪಾಯ ಹಾಕಿದ ವೆಂಕಟಮಖಿ ಈ ದೀಕ್ಷಿತನ ಮಗ. ಕಡಲಾಚೆಯ ಜನ ಬಂದು ಬಾಗಿಲು ತಟ್ಟಿದ್ದು ಇಂಥ ಆಸ್ಥಾನದ ಬಾಗಿಲನ್ನು.

ಅತ್ತ ಡೆನ್ಮಾರ್ಕಿನ ದೊರೆಯ ವಿಷಯಕ್ಕೂ ಒಂದು ಮಾತು. ಸಾಹಿತ್ಯದ ವಿದ್ಯಾರ್ಥಿಗಳು ಹ್ಯಾಮ್ಲೆಟ್ ನಾಟಕದ ಎಲ್ಸಿನೋರ್ ಕೋಟೆಯನ್ನು ಬಲ್ಲರು. ಅದರ ನಿಜವಾದ ಹೆಸರು ಕ್ರೋನ್‌ಬೋರ್ಗ್. ಅದನ್ನು ಭವ್ಯವಾಗಿ ಕಟ್ಟಿಸಿದವನು ಈ ಕ್ರಿಶ್ಚಿಯನ್ನನ ತಂದೆ. ಷೇಕ್ಸ್‌ಪಿಯರನ ನಾಟಕ ಅಚ್ಚಾಗಿ ಇಪ್ಪತ್ತು ವರ್ಷವೂ ತುಂಬಿರಲಿಲ್ಲ, ಆ ಮನೆತನದ ಧ್ವಜ ಚೋಳನಾಡಿನ ತೀರದಲ್ಲಿ ಹಾರುತ್ತಿದ್ದಿತು.

ಧ್ವಜವೇನೋ ಹಾರಿತು; ಅದನ್ನು ಹಾರಿಸಿದವರ ಪಾಡು ಮಾತ್ರ ಹೇಳತೀರದು. ಮೆಣಸು, ಹತ್ತಿಯ ಬಟ್ಟೆಗಳನ್ನು ಕೊಂಡು ಲಾಭ ಪಡೆಯಬೇಕೆಂಬುದು ಕಂಪೆನಿಯ ಆಸೆ. ಆದರೆ ಡಚ್ಚರ, ಆಂಗ್ಲರ ಮುಂದೆ ಅದರ ಬಂಡವಾಳ ಅಲ್ಪವಾದುದು. ತಾಯ್ನಾಡು ಯುದ್ಧಗಳಲ್ಲಿ ಸಿಲುಕಿ ಬಳಲಿತು. 1639ರ ಅನಂತರ ಇಪ್ಪತ್ತೊಂಬತ್ತು ವರ್ಷ ಡೆನ್ಮಾರ್ಕಿನಿಂದ ಒಂದು ಹಡಗೂ ಬರಲಿಲ್ಲ. 1650ರಲ್ಲಿ ಕಂಪೆನಿಯನ್ನೇ ಮುಚ್ಚಿದರು. ಆ ಸುದ್ದಿಯನ್ನು ತರುವುದಕ್ಕೂ ಹಡಗಿಲ್ಲ. ಇದ್ದ ಡೇನರು ಒಬ್ಬೊಬ್ಬರಾಗಿ ಸತ್ತರು. 1655ರಲ್ಲಿ ಉಳಿದವನು ಎಸ್ಕಿಲ್ ಆಂಡರ್ಸನ್ ಕೊಂಗ್ಸ್‌ಬಾಕೆ ಎಂಬ ಒಬ್ಬನೇ. ಅವನೊಬ್ಬ ಸಾಮಾನ್ಯ ಸಿಪಾಯಿ, ಓದುಬರಹ ಬಲ್ಲವನಲ್ಲ. ಸ್ಥಳೀಯ ಜನರ ನೆರವಿನಿಂದ ಅವನು ಕೋಟೆಯನ್ನು ಹಿಡಿದುಕೊಂಡಿದ್ದನು. ಬಂಗಾಳಕ್ಕೆ ಹೋಗಿಬರುವ ಹಡಗುಗಳನ್ನು ಸೆರೆಹಿಡಿದು ಅವುಗಳ ಸರಕನ್ನು ಮಾರುವುದು ಅವನ ಆದಾಯ. ಕಾಣಿಕೆ ನಿಂತುದಕ್ಕೆ ತಂಜಾವೂರಿನ ಸೇನೆ ಮುತ್ತಿದಾಗ ಊರಿನ ಸುತ್ತ ಗೋಡೆ ಎಬ್ಬಿಸಿ ಎದುರಿಸಿದನು. 1669ರಲ್ಲಿ ಕೊನೆಗೂ ಒಂದು ಹಡಗು ಬಂದಾಗ ಅದರವರು ಕಂಡದ್ದು ತಮ್ಮ ರಾಜನ ಧ್ವಜವನ್ನೂ ಅದರ ಕೆಳಗೆ ನಿಂತ ಈ ಒಬ್ಬ ಮನುಷ್ಯನನ್ನೂ. ದೊರೆ ಅವನನ್ನೇ ಅಧಿಪತಿಯೆಂದು ಅಂಗೀಕರಿಸಿದನು.

ಇದನ್ನು ವೀರಗಾಥೆಯಾಗಿ ಹೇಳುವವರುಂಟು. ಕಡಲುಗಳ್ಳನ ಕಥೆಯಾಗಿ ಹೇಳಿದರೂ ಸುಳ್ಳಾಗದು. ನಮಗೆ ಮುಖ್ಯವಾದುದು ಅವನು ಎಬ್ಬಿಸಿದ ಗೋಡೆ. ಆ ಗೋಡೆಯ ಬಹುಭಾಗ ಇಂದು ಅಳಿದಿದೆ. ಆದರೆ ಅದು ಹಾಕಿದ ಗೆರೆ ಅಳಿದಿಲ್ಲ. ಗೋಡೆಯೊಳಗೆ ಬಿದ್ದುದು ಪಟ್ಟಣ, ಹೊರಗೆ ಬಿದ್ದುದು ಹಳ್ಳಿ ಎಂಬ ಭೇದ ಅಂದು ಹುಟ್ಟಿ, ಇಂದು ಏನನ್ನು ಕಾಪಾಡಬೇಕು ಎಂಬ ತೀರ್ಮಾನದಲ್ಲಿಯೂ ಇಣಿಕಿ ನೋಡುತ್ತಿದೆ.

ಮುಂದಿನ ಶತಮಾನದಲ್ಲಿ ಈ ಪಟ್ಟಣ ತನ್ನ ಗಾತ್ರವನ್ನು ಮೀರಿದ ಒಂದು ಕೆಲಸ ಮಾಡಿತು. 1706ರ ಜುಲೈ 9ರಂದು ಬಾರ್ತಲೋಮಿಯಸ್ ಜೀಗೆನ್‌ಬಾಲ್ಗ್, ಹೈನ್‌ರಿಕ್ ಪ್ಲುಚ್ಚಾವ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು ಡೆನ್ಮಾರ್ಕಿನ ದೊರೆಯ ಕಡೆಯಿಂದ ಇಲ್ಲಿಗೆ ಬಂದಿಳಿದರು. ಜೀಗೆನ್‌ಬಾಲ್ಗನಿಗೆ ಆಗ ಇಪ್ಪತ್ತನಾಲ್ಕರ ಪ್ರಾಯ. ಊರಿನ ಮುದಿ ಉಪಾಧ್ಯಾಯನೊಬ್ಬನನ್ನು ಅವನ ಶಾಲೆಯ ಮಕ್ಕಳೊಡನೆ ತನ್ನ ಮನೆಗೇ ಕರೆಸಿಕೊಂಡು, ಆ ಮಕ್ಕಳ ಸಾಲಿನಲ್ಲಿ ಕುಳಿತು, ಮರಳಿನ ಮೇಲೆ ಬೆರಳಾಡಿಸಿ ತಮಿಳು ಅಕ್ಷರಗಳನ್ನು ತಿದ್ದಿದನು. ನಮ್ಮ ಕೂಲಿಮಠಗಳಲ್ಲಿ ನಡೆಯುತ್ತಿದ್ದುದೂ ಇದೇ ವಿಧಾನವಲ್ಲವೆ? ಎರಡು ವರ್ಷದಲ್ಲಿ ಅವನು ನೂರಕ್ಕೂ ಹೆಚ್ಚು ತಮಿಳು ಗ್ರಂಥಗಳನ್ನು ಕೂಡಿಹಾಕಿ ಅವುಗಳ ವಿವರಣಪಟ್ಟಿಯನ್ನು ಬರೆದನು. ಅವನಿಂದ ಮೊದಲು ದೀಕ್ಷೆ ಪಡೆದವರು ಐರೋಪ್ಯರ ಮನೆಗಳ ಗುಲಾಮರು. ಆ ಸುಂದರ ಮನೆಗಳಲ್ಲಿ ಗುಲಾಮರೂ ಇದ್ದರೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಊರಿನ ಅಧಿಪತಿಗೂ ಪಾದ್ರಿಗೂ ಹೊಂದಲಿಲ್ಲ. ಜೀಗೆನ್‌ಬಾಲ್ಗ್ ನಾಲ್ಕು ತಿಂಗಳು ಕೋಟೆಯಲ್ಲಿ ಸೆರೆಯನ್ನೂ ಅನುಭವಿಸಿದನು.

ಭಾರತದಲ್ಲಿ ತಮಿಳು ಅಚ್ಚಾದದ್ದು ಅದೇ ಮೊದಲಲ್ಲ. 1578ರಲ್ಲಿಯೇ ಕೊಲ್ಲಂನಲ್ಲಿ ಪೋರ್ಚುಗೀಸರ ಆಶ್ರಯದಲ್ಲಿ ಒಂದು ತಮಿಳು ಪುಸ್ತಕ ಹೊರಬಂದಿದ್ದಿತು. ಆದರೆ ಆ ಪರಂಪರೆ ನಿಂತುಹೋಯಿತು. ತರಂಗಂಬಾಡಿಯ ಮುದ್ರಣಾಲಯ ಅದಕ್ಕೆ ಮರುಜೀವ ಕೊಟ್ಟಿತು. ಅಚ್ಚಿನ ಯಂತ್ರ ಇಂಗ್ಲೆಂಡಿನ ಒಂದು ಧರ್ಮಸಂಘದಿಂದ ಬಂದಿತು, ತಮಿಳು ಅಚ್ಚುಮೊಳೆಗಳು ಜರ್ಮನಿಯ ಹಾಲೆ ನಗರದಿಂದ. ಆ ಮೊಳೆಗಳು ತೀರ ದೊಡ್ಡವು. ಅವುಗಳಿಂದ ಹೊತ್ತಗೆ ಮುದ್ರಿಸಹೊರಟರೆ ಕಾಗದ ಎಲ್ಲಿ ಸಾಲಬೇಕು! ಚೀಸಿನ ಡಬ್ಬಿಗಳ ಸೀಸವನ್ನು ಕರಗಿಸಿ, ಊರಿನಲ್ಲಿಯೇ ಚಿಕ್ಕ ಮೊಳೆಗಳನ್ನು ಎರಕ ಹೊಯ್ದರು. ಪಕ್ಕದ ಪೊರೈಯಾರಿನಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಮಸಿಯೂ ಅಲ್ಲಿಯೇ ಸಿದ್ಧವಾಯಿತು. 1714-15ರಲ್ಲಿ ತಮಿಳಿನ ಹೊಸ ಒಡಂಬಡಿಕೆ ಪ್ರಕಟವಾಯಿತು. 1719ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ಜೀಗೆನ್‌ಬಾಲ್ಗ್ ತೀರಿಕೊಂಡನು. ನವ ಜೆರೂಸಲೇಂ ದೇವಾಲಯದಲ್ಲಿ ಅವನ ಸಮಾಧಿಯಿದೆ. ದಕ್ಷಿಣದ ದೇವದೇವತೆಗಳನ್ನು ಕುರಿತು ಅವನು 1713ರಲ್ಲಿ ಬರೆದ ಗ್ರಂಥ ಅವನನ್ನು ಕಳುಹಿಸಿದವರಿಗೇ ರುಚಿಸಲಿಲ್ಲ. ಅದು ಅಚ್ಚಿನ ಮುಖ ಕಂಡದ್ದು 1867ರಲ್ಲಿ, ಮದ್ರಾಸಿನಲ್ಲಿ.

ಕನ್ನಡದವರಾದ ನಮಗೂ ಡೇನರ ಊರಿನದೊಂದು ಋಣವಿದೆ. ತರಂಗಂಬಾಡಿಯಂತೆ ಬಂಗಾಳದ ಶ್ರೀರಾಮಪುರವೂ ಅವರದೇ. ಈಸ್ಟ್ ಇಂಡಿಯಾ ಕಂಪೆನಿ ತನ್ನ ಸೀಮೆಯಲ್ಲಿ ಪಾದ್ರಿಗಳಿಗೆ ಎಡೆಗೊಡದಿದ್ದಾಗ ವಿಲಿಯಂ ಕೇರಿ 1800ರಲ್ಲಿ ಡೇನರ ಆಶ್ರಯವನ್ನರಸಿ ಶ್ರೀರಾಮಪುರಕ್ಕೆ ಬಂದು ನೆಲಸಿದನು. ಅಲ್ಲಿಯ ಅಚ್ಚುಕೂಟದಿಂದಲೇ ಅವನ ಕನ್ನಡ ವ್ಯಾಕರಣ 1817ರಲ್ಲಿ ಹೊರಟಿತು. ಕನ್ನಡ ಮುದ್ರಣದ ಇತಿಹಾಸವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನಾನು ಈ ಗ್ರಂಥದಿಂದಲೇ ಆರಂಭಿಸುತ್ತಿದ್ದೆ.

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ತರಂಗಂಬಾಡಿಗೆ ನಿಜವಾದ ಸಿರಿ ಬಂದಿತು. ಆಂಗ್ಲರು, ಫ್ರೆಂಚರು, ಡಚ್ಚರು ತಮ್ಮತಮ್ಮಲ್ಲಿ ಕಾದಾಡುತ್ತಿದ್ದಾಗ ತಟಸ್ಥ ಡೆನ್ಮಾರ್ಕಿನ ಧ್ವಜದಡಿಯಲ್ಲಿ ಸರಕು ಸಾಗಿಸುವುದು ಎಲ್ಲರಿಗೂ ಕ್ಷೇಮವಾಗಿ ಕಂಡಿತು. ಬಯಲಿನ ಎದುರಿಗಿರುವ, 1784ರಿಂದ ಅಧಿಪತಿಗಳ ನಿವಾಸವಾದ ಕಂಬಗಳ ಬಂಗಲೆ ಆ ಕಾಲವನ್ನು ನೆನಪಿಗೆ ತರುತ್ತದೆ. ಆದರೆ ಯುದ್ಧ ಡೆನ್ಮಾರ್ಕನ್ನೂ ಬಿಡಲಿಲ್ಲ. 1808ರಿಂದ 1815ರವರೆಗೆ ಊರು ಆಂಗ್ಲರ ವಶದಲ್ಲಿದ್ದು, ಹಿಂದಿರುಗಿದಾಗ ವ್ಯಾಪಾರ ಹಿಂದಿರುಗಲಿಲ್ಲ. 1845ರಲ್ಲಿ ತರಂಗಂಬಾಡಿಯನ್ನೂ ಶ್ರೀರಾಮಪುರವನ್ನೂ ಒಟ್ಟಿಗೆ 12.5 ಲಕ್ಷ ರೂಪಾಯಿಗೆ ಆಂಗ್ಲರಿಗೆ ಮಾರಿದರು. ತಮಿಳು ಅಚ್ಚಿನ ಊರೂ ಕನ್ನಡ ವ್ಯಾಕರಣದ ಊರೂ ಹೀಗೆ ಒಂದೇ ಕ್ರಯಪತ್ರದಲ್ಲಿ ಕೈಬದಲಾಯಿಸಿದವು.

ಇನ್ನು ಊರು ಉಳಿದುಬಂದ ಬಗೆಯನ್ನು ಹೇಳಬೇಕು. ಕೊಂಡ ಮೇಲೆ ಆಂಗ್ಲರು ಕೆಲವು ವರ್ಷ ಜಿಲ್ಲೆಯ ಕಚೇರಿಯನ್ನು ಇಲ್ಲಿ ಇಟ್ಟು, ಆಮೇಲೆ ತಂಜಾವೂರಿಗೆ ಒಯ್ದರು. 1860ರ ದಶಕದ ಮೊದಲಲ್ಲಿ ರೈಲು ನಾಗಪಟ್ಟಣವನ್ನು ತಲುಪಿತು. ರೇವಿನ ವ್ಯವಹಾರವೆಲ್ಲ ಅತ್ತ ಹರಿಯಿತು. ತರಂಗಂಬಾಡಿಗೆ ಕವಲು ರೈಲು ಬಂದದ್ದು 1926ರಲ್ಲಿ, ಅದೂ 1980ರ ದಶಕದಲ್ಲಿ ನಿಂತಿತು. ಊರಿನಲ್ಲಿ ಹಣ ಉಳಿಯಲಿಲ್ಲ, ಹಣವಿಲ್ಲದ್ದರಿಂದ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವವರೂ ಉಳಿಯಲಿಲ್ಲ. ಬೀದಿಗಳನ್ನು ಅಗಲಿಸುವ ಅಗತ್ಯ ಯಾರಿಗೂ ತೋರಲಿಲ್ಲ. ಇದೇ ತೀರದಲ್ಲಿ ಬೆಳೆದ ಮದ್ರಾಸು ತನ್ನ ಹಳೆಯ ಮುಖವನ್ನು ಎಷ್ಟೋ ಸಲ ಬದಲಾಯಿಸಿಕೊಂಡಿತು; ಬಡವಾದ ತರಂಗಂಬಾಡಿ ಇದ್ದ ಮುಖವನ್ನೇ ಇಟ್ಟುಕೊಂಡಿತು. ಆದರೆ ಅನಾದರ ಒಳ್ಳೆಯ ಕಾವಲುಗಾರನಲ್ಲ. ಕೆಡವುವವರಿಲ್ಲದ ಮನೆಗಳು ತಾವಾಗಿಯೇ ಬೀಳುತ್ತಾ ಬಂದವು.

ಬುದ್ಧಿಪೂರ್ವಕವಾದ ರಕ್ಷಣೆ ಆರಂಭವಾದದ್ದು ತೀರ ಈಚೆಗೆ. ಬಹುಕಾಲ ಪ್ರವಾಸಿ ಬಂಗಲೆಯಾಗಿದ್ದ ಕೋಟೆಯನ್ನು 1978ರಲ್ಲಿ ತಮಿಳುನಾಡಿನ ಪುರಾತತ್ವ ಇಲಾಖೆ ವಹಿಸಿಕೊಂಡು ವಸ್ತುಸಂಗ್ರಹಾಲಯ ಮಾಡಿತು. ಈ ಶತಮಾನದ ಮೊದಲಲ್ಲಿ ಡೆನ್ಮಾರ್ಕಿನ ಟ್ರಾಂಕಬಾರ್ ಸಂಘದವರು ಆ ಇಲಾಖೆಯೊಡನೆ ಸೇರಿ ಕೋಟೆಯನ್ನು ದುರಸ್ತಿ ಮಾಡಿದರು. ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಅಧಿಪತಿಯ ಬಂಗಲೆಯ ಕೆಲಸಕ್ಕೆ ಕೈಹಾಕಿತು. ನಮ್ಮ ಇಂಟ್ಯಾಕ್ ಸಂಸ್ಥೆ ಅಕ್ಕಸಾಲಿಗರ ಬೀದಿಯ ತಮಿಳು ಮನೆಗಳನ್ನು ಎತ್ತಿಕೊಂಡಿತು.

ಈ ಕೆಲಸದ ಮರ್ಮ ಗಾರೆಯಲ್ಲಿದೆ. ಕಡಲತಡಿಯ ಗಾಳಿಯಲ್ಲಿ, ನೆಲದ ತೇವದಲ್ಲಿ ಉಪ್ಪು ಸದಾ ಇರುತ್ತದೆ. ಇಟ್ಟಿಗೆ ಆ ಉಪ್ಪುನೀರನ್ನು ಹೀರಿಕೊಳ್ಳುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಕ್ಕೆ ಬಿಡುತ್ತದೆ. ಉಪ್ಪು ಮೇಲುಮೈಗೆ ಬಂದು ಉದುರಿಹೋಗುತ್ತದೆ. ಕೆಲವು ವರ್ಷಗಳಿಗೊಮ್ಮೆ ಗಾರೆಯನ್ನು ಹೊಸದಾಗಿ ಬಳಿದರಾಯಿತು. ಗಟ್ಟಿಯಾಗಲೆಂದು ಸಿಮೆಂಟನ್ನು ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ನೀರು ಆರಿದಂತೆ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನೇ ಒಳಗಿಂದ ಪುಡಿಮಾಡುತ್ತದೆ. ಹೊರಗೆ ಗೋಡೆ ಭದ್ರವಾಗಿ ಕಾಣುತ್ತಿರುವಾಗಲೇ ಒಳಗೆ ಸವೆಯುತ್ತಿರುತ್ತದೆ. ಆದ್ದರಿಂದ ಹಳೆಯ ಮನೆಯನ್ನು ಉಳಿಸಬೇಕೆಂದರೆ ಸುಣ್ಣವನ್ನು ಅರೆದು ಹದಗೊಳಿಸಬಲ್ಲ ಕೈಗಳನ್ನೂ ಉಳಿಸಬೇಕು. ಆ ಕಸುಬು ಮರೆತರೆ ಎಷ್ಟು ಹಣ ಸುರಿದರೂ ವ್ಯರ್ಥ.

2004ರ ಡಿಸೆಂಬರ್ 26ರಂದು ಸುನಾಮಿ ಬಂದಿತು. ಕೋಟೆ ನಿಂತಿತು, ರಾಜಬೀದಿಯ ಮನೆಗಳೂ ಬಹುಮಟ್ಟಿಗೆ ನಿಂತವು. ಕೊಚ್ಚಿಹೋದದ್ದು ದಡದ ಮೀನುಗಾರರ ಕೇರಿ. ನೂರಾರು ಜನ ಪ್ರಾಣ ಕಳೆದುಕೊಂಡರು. ಡೇನರು ಬರುವ ಮುಂಚೆಯೇ ಇಲ್ಲಿದ್ದ, ಪಾಂಡ್ಯರ ಗುಡಿಗಿಂತಲೂ ಬಹುಶಃ ಹಳೆಯದಾದ ಬದುಕು ಅದು. ಮರುವರ್ಷ ಸರಕಾರ ಒಂದು ನಿಯಮ ಮಾಡಿತು. ಕಡಲಿನಿಂದ 200 ಮೀಟರಿನೊಳಗೆ ಇರುವವರು ಹೊಸ ಮನೆ ಬೇಕೆಂದರೆ ದೂರ ಹೋಗಬೇಕು, ಹಳೆಯ ನಿವೇಶನವನ್ನು ಬಿಟ್ಟುಕೊಡಬೇಕು. ಒಳನಾಡಿನ ಕಡೆಗೆ ಕಾಂಕ್ರೀಟಿನ ಮನೆಗಳ ಬಡಾವಣೆ ಎದ್ದಿತು. ಜೀವದ ಭಯವಿದ್ದಾಗ ಇದನ್ನು ತಪ್ಪೆನ್ನಲಾಗದು. ಆದರೆ ಮೀನುಗಾರನು ಕಡಲನ್ನು ನೋಡಿ ಆ ದಿನದ ಕೆಲಸ ನಿಶ್ಚಯಿಸುವವನು. ಅವನ ದೋಣಿ, ಬಲೆ, ಹೆಂಗಸರ ಮೀನಿನ ವ್ಯಾಪಾರ ಎಲ್ಲವೂ ದಡದಲ್ಲಿಯೇ.

ನನ್ನ ಎರಡನೆಯ ಭೇಟಿಯಲ್ಲಿ, ಗುಡಿಯ ಬಳಿ ಬಲೆ ಹೆಣೆಯುತ್ತಿದ್ದ ಒಬ್ಬ ವೃದ್ಧರನ್ನು ನನ್ನ ಅರೆಬರೆ ತಮಿಳಿನಲ್ಲಿ ಮಾತನಾಡಿಸಿದೆ. "ಅಯ್ಯಾ, ಈ ಗುಡಿ ಮೊದಲು ಎಷ್ಟು ದೊಡ್ಡದಿತ್ತು?" ಎಂದು ಕೇಳಿದೆ. ಅವರು ಸೂಜಿಯನ್ನು ಕೆಳಗಿಡದೆ, ಗದ್ದವನ್ನಷ್ಟೇ ಅಲೆಗಳತ್ತ ಚಾಚಿ ತೋರಿಸಿದರು. ತಮ್ಮ ತಂದೆಯ ಕಾಲಕ್ಕೆ ಅಲ್ಲಿ ಕಲ್ಲುಗಳ ಮೇಲೆ ಕೂರುತ್ತಿದ್ದರಂತೆ, ಈಗ ಆ ಸ್ಥಳದಲ್ಲಿ ದೋಣಿ ತೇಲುತ್ತದೆ ಎಂದರು. ಗುಡಿಯ ಮುಂಭಾಗವನ್ನು ಕಡಲು ನಿಜವಾಗಿಯೂ ಕಬಳಿಸಿದೆ. ಈಗ ಉಳಿದ ಭಾಗವನ್ನು ಜೀರ್ಣೋದ್ಧಾರ ಮಾಡಿ, ಅಲೆಗಳ ಹೊಡೆತಕ್ಕೆ ಬಂಡೆಗಳನ್ನು ಅಡ್ಡಹಾಕಿದ್ದಾರೆ.

ಹೀಗೆ ಈ ಚಿಕ್ಕ ಆವರಣದಲ್ಲಿ ಮೂರು ಮೂಲಗಳಿವೆ. ಗೋಡೆಯೊಳಗಿನ ಡೇನರ ಪಟ್ಟಣ ಒಂದು. ಅದಕ್ಕೆ ನಕ್ಷೆಗಳಿವೆ, ದಾಖಲೆಗಳಿವೆ, ಹಣ ತಂದು ಕೆಲಸ ಮಾಡುವ ದೂರದ ಬಂಧುಗಳಿದ್ದಾರೆ. ಕಡಲಿನೊಡನೆ ಸೆಣಸುತ್ತಿರುವ ಪಾಂಡ್ಯರ ಗುಡಿ ಇನ್ನೊಂದು. ಅದಕ್ಕೆ ಶಾಸನವಿದೆ, ಭಕ್ತರಿದ್ದಾರೆ. ಮೀನುಗಾರರ ಕೇರಿ ಮೂರನೆಯದು. ಅದರ ಗುಡಿಸಲುಗಳು ಹತ್ತಾರು ವರ್ಷಕ್ಕೊಮ್ಮೆ ಹೊಸದಾಗುವಂಥವು; ನೂರು ವರ್ಷದ ಗೋಡೆಯನ್ನು ತೋರಿಸೆಂದರೆ ಅದು ಏನನ್ನು ತೋರಿಸೀತು? ಆದರೆ ಈ ಮೂರರಲ್ಲಿ ಒಂದು ದಿನವೂ ತೆರಪಿಲ್ಲದೆ ನಡೆದುಬಂದದ್ದು ಅದೇ. ಡೆನ್ಮಾರ್ಕಿನ ಹಡಗು ಇಪ್ಪತ್ತೊಂಬತ್ತು ವರ್ಷ ಬಾರದಿದ್ದಾಗಲೂ ಈ ದಡದ ದೋಣಿಗಳು ದಿನವೂ ಕಡಲಿಗೆ ಇಳಿಯುತ್ತಿದ್ದವು.

ಕೋಟೆಯ ದುರಸ್ತಿ ಬೇಡವೆಂದು ನನ್ನ ಮಾತಿನ ಅರ್ಥವಲ್ಲ. ಬಂಗಾರದ ಪತ್ರದ ಊರು, ಚೀಸಿನ ಡಬ್ಬಿಯ ಸೀಸದಿಂದ ಅಕ್ಷರ ಎರೆದ ಊರು ಉಳಿಯಲೇಬೇಕು. ಉಳಿಸುವವರು ಕೊಂಗ್ಸ್‌ಬಾಕೆಯ ಗೋಡೆಯನ್ನು ತಮ್ಮ ಮನಸ್ಸಿನಲ್ಲಿ ಮತ್ತೆ ಕಟ್ಟದಿದ್ದರೆ ಸಾಕು. ಒಂದು ಊರಿನ ಹಳಮೆಯನ್ನು ಕಾಯುವವರ ಪಟ್ಟಿಯಲ್ಲಿ ಕೋಟೆ, ದೇವಾಲಯ, ಬಂಗಲೆಗಳ ಜೊತೆಗೆ ದೋಣಿ ಎಳೆದಿಡುವ ಮರಳಿಗೂ ಬಲೆ ಹರಡುವ ಬಯಲಿಗೂ ಒಂದೊಂದು ಸಾಲು ಇರಬೇಕು. ನಮ್ಮ ಕರಾವಳಿಯ ಬಾರಕೂರು, ಬಸರೂರು, ಭಟ್ಕಳಗಳ ಹಳೆಯ ಕೇರಿಗಳನ್ನು ಕುರಿತು ಯೋಚಿಸುವಾಗಲೂ ಇದು ನೆನಪಿನಲ್ಲಿರುವುದು ಒಳ್ಳೆಯದು.